ಮಿಡಿ ಬಾಟಲಿಯ ಮೇಲೊಂದು ಹೆಸರು

ನಮ್ಮ ಕಡೆ ಅಪ್ಪೆಮಿಡಿಯನ್ನು, ಅಂದರೆ ಉಪ್ಪಿನಕಾಯಿಯ ಎಳೆ ಮಾವನ್ನು, ಯಾರೂ ತೂಗುವುದಿಲ್ಲ, ಎಣಿಸುತ್ತಾರೆ. ನೂರು ಮಿಡಿಗೆ ಇಷ್ಟು ಎಂದು ಮಾತಾಗುತ್ತದೆ. ನೂರು ಎಣಿಸಿ ಮುಗಿದ ಮೇಲೆ ಕೊಸರು ಎಂದು ಇನ್ನೈದು ಮಿಡಿ ಚೀಲಕ್ಕೆ ಬೀಳುತ್ತದೆ. ಕೊಸರು ಹಾಕದವರ ಹತ್ತಿರ ಮರುವರ್ಷ ಯಾರೂ ಸುಳಿಯುವುದಿಲ್ಲ. ಮಿಡಿ ಉಪ್ಪಿನಕಾಯಿಯಾಗಿ ಭರಣಿ ಸೇರಿದ ಮೇಲೂ ಇದೇ ಲೆಕ್ಕ. ತೂಕ ಎಷ್ಟು ಎಂದು ಕೇಳಿದರೆ ಇವರು ಘಟ್ಟದ ಮೇಲಿನವರಲ್ಲ ಎಂದು ಗೊತ್ತಾಗಿಬಿಡುತ್ತದೆ.

ಕೊಪ್ಪದ ಮೇಲಿನಪೇಟೆಯ ಜಹೀದಾ ಬಾನು ಕೂಡ ಹೀಗೇ ಎಣಿಸುವವಳು. ಅವಳ ಗಂಡ ಜಮಾಲ್‌ಗೆ ಬಸ್ ಸ್ಟ್ಯಾಂಡಿನ ಹತ್ತಿರ ದಿನಸಿ ಅಂಗಡಿ ಇದೆ. ಹದಿನೈದು ವರ್ಷದಿಂದ ಜಹೀದಾ ಮಾಡಿದ ಮಿಡಿ ಉಪ್ಪಿನಕಾಯಿ ಆ ಅಂಗಡಿಯಲ್ಲೇ ಮಾರಾಟವಾಗುತ್ತದೆ. ಕೆರೆಕಟ್ಟೆಯ ಕಲ್ಲಮ್ಮ ಕಾಡಂಚಿನ ಮರದಿಂದ ಮಿಡಿ ತಂದುಕೊಡುತ್ತಾಳೆ. ಆರಿಸುವುದು, ಉಪ್ಪಿನಲ್ಲಿ ಹಾಕುವುದು, ಮಸಾಲೆ ರುಬ್ಬುವುದು, ತುಂಬುವುದು ಎಲ್ಲ ಜಹೀದಾಳದು. ಊರಲ್ಲಿ ಮಾತ್ರ ಅದಕ್ಕೆ ‘ಜಮಾಲಣ್ಣನ ಮನೆ ಉಪ್ಪಿನಕಾಯಿ’ ಎಂದೇ ಹೆಸರು. ಜಮಾಲಣ್ಣನಿಗೆ ಒಗ್ಗರಣೆಗೆ ಸಾಸಿವೆ ಮೊದಲೋ ಇಂಗು ಮೊದಲೋ ಎಂದೂ ಗೊತ್ತಿಲ್ಲ.

ಹೋದ ವರ್ಷ ಸ್ವಸಹಾಯ ಸಂಘದ ತರಬೇತಿಗೆ ಹೋಗಿ ಬಂದ ಜಹೀದಾ ಫೋನಿನಲ್ಲಿ ಒಂದು ಮಾರಾಟದ ಪುಟ ತೆರೆದಳು. ಫೋಟೊ ಅವಳೇ ತೆಗೆದಳು, ವಿವರ ಅವಳೇ ಬರೆದಳು. ‘ಕೊಪ್ಪ ಮಿಡಿ’ ಎಂದು ಪುಟಕ್ಕೆ ಹೆಸರಿಟ್ಟಳು. ಮನೆ, ಅಂಗಡಿ, ತಕ್ಕಡಿ ಎಲ್ಲ ಗಂಡನದೇ. ಇದೊಂದು ಪುಟ ಮಾತ್ರ ತನ್ನದು ಎಂದು ಅವಳಿಗೆ ಒಳಗೊಳಗೇ ಹೆಮ್ಮೆ. ದಾವಣಗೆರೆಯಿಂದ, ಹಾವೇರಿಯಿಂದ ಆರ್ಡರ್ ಬರತೊಡಗಿದವು. ಈ ವರ್ಷ ಧೈರ್ಯ ಮಾಡಿ ಎರಡರಷ್ಟು ಮಿಡಿ ತರಿಸಿದಳು.

ಶಾಲೆ ಶುರುವಾದ ವಾರ, ಒಂದು ಬೆಳಿಗ್ಗೆ ಪುಟ ತೆರೆದರೆ ಬಾಟಲಿಯ ಚಿತ್ರ ಮಂಕಾಗಿತ್ತು. ಕೆಳಗೆ ನಾಲ್ಕು ಸಾಲು. ಬಾಟಲಿಯ ಮೇಲೂ ಪುಟದಲ್ಲೂ ಕಾನೂನು ಕೇಳುವ ವಿವರಗಳಿಲ್ಲ, ಗಿರಾಕಿಯೊಬ್ಬರು ದೂರು ಕೊಟ್ಟಿದ್ದಾರೆ, ಮಾರಾಟ ನಿಲ್ಲಿಸಲಾಗಿದೆ, ಏಳು ದಿನದಲ್ಲಿ ಸರಿಪಡಿಸದಿದ್ದರೆ ಪುಟ ತೆಗೆದುಹಾಕಲಾಗುತ್ತದೆ. ಒಳಕೋಣೆಯಲ್ಲಿ ನೂರಾ ನಲವತ್ತು ಬಾಟಲಿ ಸಾಲಾಗಿ ನಿಂತಿದ್ದವು. ಜಹೀದಾ ಆ ನಾಲ್ಕು ಸಾಲನ್ನು ಎಷ್ಟು ಸಲ ಓದಿದಳೋ, ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಯಿತು.

ಜಮಾಲ್‌ಗೆ ಹೇಳಿದರೆ ಅವನಿಗೆ ಬೇಸರಕ್ಕಿಂತ ಸಿಟ್ಟೇ ಹೆಚ್ಚು ಬಂತು. ಉಪ್ಪಿನಕಾಯಿ ಹಳಸಿತ್ತೇ, ಹುಳ ಬಿದ್ದಿತ್ತೇ ಎಂದು ಫೋನನ್ನೇ ಕೇಳಿದ.

“ದಿಲ್ಲಿಯಲ್ಲಿ ಕೂತು ಕಾನೂನು ಮಾಡೋರಿಗೆ ಮಿಡಿ ಅಂದ್ರೆ ಎಂತ ಗೊತ್ತು ಮಾರಾಯ್ತಿ? ನಮ್ಮ ಅಂಗಡೀಲಿ ಹದಿನೈದು ವರ್ಷ ಮಾರಿದ್ದೀವಿ. ಒಂದು ಚೀಟಿ ಅಂಟಿಸಿದ್ದೀವಾ? ಬಿಟ್ಟುಬಿಡು ಆ ಪುಟ. ಅಂಗಡೀಲೇ ಇಡುವ.”

ಜಹೀದಾಗೆ ಪುಟ ಬಿಡಲು ಮನಸ್ಸಾಗಲಿಲ್ಲ. ಮಧ್ಯಾಹ್ನ ದಾಕ್ಷಾಯಿಣಿಗೆ ಫೋನ್ ಮಾಡಿದಳು.

ದಾಕ್ಷಾಯಿಣಿ ಮುತ್ತಿನಕೊಪ್ಪದವಳು. ಸಂಘಗಳ ಒಕ್ಕೂಟದಲ್ಲಿ ಕೆಲಸ, ಹೆಂಗಸರಿಗೆ ವ್ಯಾಪಾರದ ತರಬೇತಿ ಕೊಡುವವಳು. ಮಾತು ಸ್ವಲ್ಪ ಖಾರ, ಆದರೆ ಹೇಳಿದ ದಿನಕ್ಕೆ ಬರುವವಳು. ಮರುದಿನ ಹತ್ತು ಗಂಟೆಯ ಬಸ್ಸಿಗೆ ಇಳಿದು ನೇರ ಮನೆಗೆ ಬಂದಳು. ಒಂದು ಬಾಟಲಿ ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡಿದಳು. ಅದರ ಮೇಲೆ ಜಹೀದಾಳ ದುಂಡು ಅಕ್ಷರದಲ್ಲಿ ಬರೆದಿತ್ತು: ‘ಇಪ್ಪತ್ತೈದು ಮಿಡಿ, ಕೊಸರು ಎರಡು’.

ದಾಕ್ಷಾಯಿಣಿಗೆ ನಗು ತಡೆಯಲಾಗಲಿಲ್ಲ. ಕೊಸರನ್ನೂ ಬರೆದು ಮಾರುವವರನ್ನು ಈ ಮೂರು ತಾಲ್ಲೂಕಿನಲ್ಲಿ ತಾನು ಕಂಡಿಲ್ಲ ಎಂದಳು. ಆಮೇಲೆ ಜಮಾಲ್‌ನ ಅಂಗಡಿಯಿಂದ ತಕ್ಕಡಿ ತರಿಸಿ ಖಾಲಿ ಬಾಟಲಿಯನ್ನು ಮೊದಲು ತೂಗಿದಳು, ಬಳಿಕ ತುಂಬಿದ ಎರಡನ್ನು ಇಟ್ಟಳು. ಬಾಟಲಿಯ ತೂಕ ಕಳೆದರೆ ಒಂದರಲ್ಲಿ ಉಪ್ಪಿನಕಾಯಿ ನಾನೂರ ಇಪ್ಪತ್ತು ಗ್ರಾಂ, ಇನ್ನೊಂದರಲ್ಲಿ ಐನೂರ ಅರವತ್ತು. ಎರಡರಲ್ಲೂ ಮಿಡಿ ಇಪ್ಪತ್ತೇಳೇ. ಒಂದು ಮರದ ಮಿಡಿ ಸಣ್ಣ, ಇನ್ನೊಂದು ಮರದ್ದು ದಪ್ಪ, ಅಷ್ಟೇ ವ್ಯತ್ಯಾಸ. ಪುಟಕ್ಕೆ ಬಂದ ದೂರು ತೆರೆದು ನೋಡಿದರೆ, ಕೊಟ್ಟವರು ಎರಡು ಬಾಟಲಿ ಒಟ್ಟಿಗೆ ತರಿಸಿದ್ದ ದಾವಣಗೆರೆಯ ಗಿರಾಕಿ. ಒಂದೇ ಬೆಲೆ, ಆದರೆ ಒಂದು ಬಾಟಲಿ ಹಗುರ. ಅವರಿಗೆ ಮೋಸ ಅನ್ನಿಸಿದ್ದರಲ್ಲಿ ಏನು ತಪ್ಪು?

ಜಹೀದಾಳ ಮುಖ ಬಾಡಿತು. ಎಣಿಕೆಯಲ್ಲಿ ತಾನು ಯಾರಿಗೂ ಒಂದು ಮಿಡಿ ಕಡಿಮೆ ಹಾಕಿಲ್ಲ ಎಂದು ಮತ್ತೆ ಮತ್ತೆ ಹೇಳಿದಳು. ಅದು ನಿಜವೂ ಹೌದು.

ದಾಕ್ಷಾಯಿಣಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಡಿಸಿ ಹೇಳಿದಳು. ಪೊಟ್ಟಣ ಕಟ್ಟಿ ಮಾರುವ ಪದಾರ್ಥಕ್ಕೆ ದೇಶಕ್ಕೆಲ್ಲ ಒಂದೇ ನಿಯಮ ಇದೆ. ಒಳಗೆ ಏನಿದೆ, ಎಷ್ಟು ಗ್ರಾಂ ಇದೆ, ಗರಿಷ್ಠ ಬೆಲೆ ಎಷ್ಟು, ಯಾವಾಗ ತಯಾರಾಯಿತು, ಎಷ್ಟು ದಿನದೊಳಗೆ ಬಳಸಬೇಕು, ಮಾಡಿದವರು ಯಾರು, ಅವರ ವಿಳಾಸ ಏನು, ದೂರಿದ್ದರೆ ಯಾವ ನಂಬರಿಗೆ ಫೋನ್ ಮಾಡಬೇಕು, ಇವೆಲ್ಲ ಬಾಟಲಿಯ ಮೇಲೆ ಇರಬೇಕು. ತಿನ್ನುವ ವಸ್ತುವಾದರೆ ಏನೇನು ಹಾಕಿದೆ ಎಂಬ ಪಟ್ಟಿ ಮತ್ತು ಆಹಾರ ನೋಂದಣಿಯ ಹದಿನಾಲ್ಕು ಅಂಕಿಯ ನಂಬರೂ ಬೇಕು. ಆನ್‌ಲೈನಿನಲ್ಲಿ ಗಿರಾಕಿಗೆ ಬಾಟಲಿ ಮುಟ್ಟಿ ನೋಡಲು ಆಗುವುದಿಲ್ಲ. ಅದಕ್ಕೇ ತೂಕ, ಬೆಲೆ, ಮಾಡಿದವರ ಹೆಸರು ಪುಟದಲ್ಲೂ ಕಾಣಬೇಕು. ಕಾಣದಿದ್ದರೆ ಪುಟ ನಡೆಸುವ ಕಂಪನಿಯನ್ನೂ ಕಾನೂನು ಕೇಳುತ್ತದೆ. ಹಾಗಾಗಿ ಅವರು ಮಾರಾಟ ನಿಲ್ಲಿಸಿದ್ದು.

“ನೋಂದಣಿ ನಂಬರ್ ಹೋದ ವರ್ಷವೇ ಮಾಡಿಸಿ ಕೊಟ್ಟಿದ್ದೆನಲ್ಲೇ. ಎಲ್ಲಿದೆ ಅದು?” ಎಂದು ದಾಕ್ಷಾಯಿಣಿ ಕೇಳಿದಳು.

ಜಹೀದಾ ಎದ್ದು ಹೋಗಿ ಬೀರುವಿನಲ್ಲಿ ಮದುವೆ ಸೀರೆಯ ಅಡಿಯಿಂದ ಆ ಕಾಗದ ತಂದಳು. ಒಂದು ಮಡಿಕೆಯೂ ಬೀಳದಂತೆ ಜೋಪಾನ ಮಾಡಿದ್ದಳು. ಬಾಟಲಿಯ ಮೇಲೆ ಬರೆಯಬೇಕಾದ್ದನ್ನು ಸೀರೆಯ ಕೆಳಗಿಟ್ಟರೆ ಸೀರೆ ಮಾರಲು ಹೊರಟಿದ್ದೀಯಾ ಎಂದು ದಾಕ್ಷಾಯಿಣಿ ಗದರಿದಳು.

ದಿನಾಂಕದ ಮಾತು ಬಂದಾಗ ಜಹೀದಾ ಸ್ವಲ್ಪ ಜಗ್ಗಾಡಿದಳು. ಮಿಡಿ ಉಪ್ಪಿನಕಾಯಿ ಹಳೆಯದಾದಷ್ಟೂ ರುಚಿ. ಅದಕ್ಕೆ ಕೊನೆಯ ದಿನ ಬರೆಯುವುದೆಂದರೆ ಅವಳಿಗೆ ಅವಮಾನ ಮಾಡಿದಂತೆ. ನಿನ್ನ ಮನೆಯ ಭರಣಿಯಲ್ಲಿ ಹತ್ತು ವರ್ಷ ಇಟ್ಟುಕೋ ಯಾರೂ ಕೇಳುವುದಿಲ್ಲ, ಊಟದ ಚಮಚವನ್ನೇ ಬಾಟಲಿಗೆ ಅದ್ದುವ ಮನೆಗೆ ಹೋದ ಮೇಲೆ ನಿನ್ನ ಉಪ್ಪಿನಕಾಯಿಯ ಗತಿ ನಿನ್ನ ಕೈಯಲ್ಲಿಲ್ಲ ಎಂದಳು ದಾಕ್ಷಾಯಿಣಿ. ಇದಕ್ಕೆ ಜಹೀದಾ ಒಪ್ಪಿದಳು. ಅಂಥ ಮನೆಗಳನ್ನು ಅವಳೂ ಕಂಡಿದ್ದಾಳೆ.

ಊಟಕ್ಕೆಂದು ಜಮಾಲ್ ಬಂದ. ಹೆಸರು, ವಿಳಾಸ, ಫೋನ್ ನಂಬರ್ ಎಂದ ಕೂಡಲೇ ಅವನು ತಟ್ಟೆ ಬದಿಗಿಟ್ಟ. ಉಳಿದದ್ದೆಲ್ಲ ಹೇಗೋ ಆಗಲಿ, ಇದು ಮಾತ್ರ ಆಗದು. ಮನೆಯ ಹೆಂಗಸಿನ ಹೆಸರು ಊರೂರು ಸುತ್ತುವುದು, ಯಾರ‍್ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡುವುದು ಅವನಿಗೆ ಬೇಡ. ಅವನು ಒರಟ ಅಲ್ಲ, ಹೆದರಿದ್ದ.

ದಾಕ್ಷಾಯಿಣಿ ವಾದಕ್ಕೆ ಇಳಿಯಲಿಲ್ಲ. ಕಿಟಕಿಯಲ್ಲಿದ್ದ ಒಂದು ರಟ್ಟಿನ ಡಬ್ಬಿ ಅವಳ ಕಣ್ಣಿಗೆ ಬಿದ್ದಿತ್ತು. ಅದು ಎಂತದು ಎಂದು ಕೇಳಿದಳು. ಕೇಳಿದ್ದೇ ತಡ, ಜಮಾಲ್ ಶುರುಮಾಡಿದ. ಆನ್‌ಲೈನಿನಲ್ಲಿ ತರಿಸಿದ ಚಾರ್ಜಿಂಗ್ ಟಾರ್ಚು. ಮೂರೇ ದಿನ ಉರಿಯಿತು. ಯಾವುದೋ ಪುಟ, ಈಗ ಹುಡುಕಿದರೆ ಆ ಪುಟವೇ ಇಲ್ಲ. ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿದರೂ ಮಾಡಿದವನ ಹೆಸರಿಲ್ಲ, ಊರಿಲ್ಲ, ನಂಬರಿಲ್ಲ. ಬೈಯೋಣ ಎಂದರೂ ಯಾರಿಗೆ ಬೈಯುವುದು? ಒಂದು ತಿಂಗಳಿಂದ ಅವನು ಆ ಡಬ್ಬಿಗೇ ಬೈಯುತ್ತಿದ್ದ. ಹೆಸರು ಹಾಕಲು ಹೆದರುವವನು ಕಳ್ಳನೇ ಸೈ ಎಂದು ಮಾತು ಮುಗಿಸಿದ.

ದಾಕ್ಷಾಯಿಣಿ ಉಪ್ಪಿನಕಾಯಿ ಬಾಟಲಿಯನ್ನು ಟಾರ್ಚಿನ ಡಬ್ಬಿಯ ಪಕ್ಕದಲ್ಲಿಟ್ಟಳು.

“ಜಮಾಲಣ್ಣ, ಇದರ ಮೇಲೆ ಯಾರ ಹೆಸರಿದೆ ಹೇಳಿ? ದಾವಣಗೆರೆಯವರು ಇವತ್ತು ಇದನ್ನ ತಿರುಗಿಸಿ ನೋಡಿ ಎಂತ ಅಂದುಕೊಳ್ತಿದ್ದಾರೋ, ನೀವು ಟಾರ್ಚಿನವನಿಗೆ ಅಂದ ಮಾತೇ ನಮ್ಮ ಜಹೀದಾಗೂ ಬಿತ್ತಲ್ಲ.”

ಜಮಾಲ್ ಎರಡನ್ನೂ ನೋಡಿದ. ಜಹೀದಾ ಎಷ್ಟು ಬೆಳಿಗ್ಗೆ ಎದ್ದು ಒಂದೊಂದೇ ಮಿಡಿಯ ತೊಟ್ಟು ನೋಡಿ ಆರಿಸುತ್ತಾಳೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವಳನ್ನು ಆ ಟಾರ್ಚಿನವನ ಸಾಲಿನಲ್ಲಿ ಕೂರಿಸಿದ್ದರಿಂದ ಅವನಿಗೆ ನಿಜವಾಗಿ ನೋವಾಯಿತು.

ಆಮೇಲೆ ದಾಕ್ಷಾಯಿಣಿ ಅವನ ಭಯಕ್ಕೂ ಉತ್ತರ ಕೊಟ್ಟಳು. ಮನೆಯ ನಂಬರ್ ಹಾಕಬೇಕೆಂದಿಲ್ಲ, ವ್ಯಾಪಾರಕ್ಕೇ ಬೇರೆ ಸಿಮ್ ಇರಲಿ, ಹಗಲು ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಎಂದು ಚೀಟಿಯ ಮೇಲೆ ಬರೆಯಿರಿ. ಅಂಗಡಿಯ ತಕ್ಕಡಿಗೆ ಸರ್ಕಾರದ ಮುದ್ರೆ ಹಾಕಿಸುವಾಗ ನಿಮಗೆ ಹೆದರಿಕೆ ಆಗುತ್ತದೆಯೇ ಎಂದು ಕೇಳಿದಳು. ಆ ಮುದ್ರೆ ಇರುವುದಕ್ಕೇ ಜನ ತೂಕದ ಮುಳ್ಳನ್ನು ನೋಡದೆ ಅಕ್ಕಿ ಕಟ್ಟಿಸಿಕೊಂಡು ಹೋಗುತ್ತಾರೆ. ಬಾಟಲಿಯ ಮೇಲಿನ ಚೀಟಿಯೂ ಅಂಥದೇ ಮುದ್ರೆ.

ಜಹೀದಾಳಿಗೆ ಒಂದೇ ಒಂದು ಸಂಶಯ ಉಳಿದಿತ್ತು.

“ಎಲ್ಲ ಸರಿ ಅಕ್ಕಾ. ಆದ್ರೆ ತೂಗಿ ಕೊಟ್ರೆ ಕೊಸರು ಎಂತ ಮಾಡೋದು? ಕೊಸರಿಲ್ದೆ ಕೊಟ್ಟು ನಂಗೆ ಗೊತ್ತಿಲ್ಲ.”

“ಐನೂರು ಗ್ರಾಂ ಅಂತ ಬರಿ. ಐನೂರಿಪ್ಪತ್ತು ತುಂಬು. ಬರೆದದ್ದಕ್ಕಿಂತ ಕಡಿಮೆ ಇರಬಾರದು ಅಂತ ಕಾನೂನು. ಜಾಸ್ತಿ ಹಾಕಿದ್ರೆ ಯಾವ ಗಿರಾಕಿ ಬಂದು ಜಗಳ ಆಡ್ತಾನೆ?”

ಆವತ್ತು ಮೊದಲ ಬಾರಿ ಜಹೀದಾ ನಕ್ಕಳು.

ಮರುದಿನದಿಂದ ಕೆಲಸ ಶುರುವಾಯಿತು. ನೂರಾ ನಲವತ್ತು ಬಾಟಲಿಯನ್ನೂ ಬಿಚ್ಚಿ ತೂಗಿ ಮತ್ತೆ ತುಂಬಿದರು. ಜಮಾಲ್ ಎರಡು ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ತಕ್ಕಡಿಯ ಮುಂದೆ ಕೂತ. ಅವನ ತೂಕ ಖಡಕ್ಕು. ಅವನು ಐನೂರಕ್ಕೆ ನಿಲ್ಲಿಸಿದರೆ ಜಹೀದಾ ಮೇಲೊಂದು ಮಿಡಿ ಹಾಕುತ್ತಿದ್ದಳು. ಪ್ರಿಂಟ್ ಮಾಡುವ ಅಂಗಡಿಯಲ್ಲಿ ಚೀಟಿ ಮಾಡಿಸುವಾಗ ಮಾಡಿದವರ ಹೆಸರು ಏನು ಹಾಕಲಿ ಎಂದು ಅಲ್ಲಿಯವನು ಕೇಳಿದ. ಜಹೀದಾ ಗಂಡನ ಮುಖ ನೋಡಿದಳು. ಜಮಾಲ್ ತಾನೇ ಹೇಳಿದ, ಜಹೀದಾ ಬಾನು, ಮೇಲಿನಪೇಟೆ, ಕೊಪ್ಪ.

ಹೊಸ ಫೋಟೊ, ತೂಕ, ಬೆಲೆ, ಹೆಸರು ಎಲ್ಲವನ್ನೂ ಪುಟಕ್ಕೆ ಹಾಕಿದರು. ದೂರು ಕೊಟ್ಟವರಿಗೆ ಜಹೀದಾ ಹೊಸ ನಂಬರಿನಿಂದ ಫೋನ್ ಮಾಡಿ, ತನ್ನದೇ ತಪ್ಪು ಎಂದು ಒಪ್ಪಿ, ಹಗುರವಾಗಿದ್ದ ಬಾಟಲಿಯ ಬದಲು ಬೇರೆ ಕಳಿಸಿದಳು. ಆರನೆಯ ದಿನ ಸಂಜೆ ಮಂಕಾಗಿದ್ದ ಚಿತ್ರಕ್ಕೆ ಬಣ್ಣ ಬಂತು. ಮರುದಿನ ಬೆಳಿಗ್ಗೆ ಮೊದಲ ಆರ್ಡರ್ ಬಂದದ್ದು ದಾವಣಗೆರೆಯ ಅದೇ ಮನೆಯಿಂದ. ಈ ಸಲ ನಾಲ್ಕು ಬಾಟಲಿ. ಕಲ್ಲಮ್ಮನಿಗೆ ಜಹೀದಾ ಅಂದೇ ಹೇಳಿ ಕಳಿಸಿದಳು, ಬರುವ ವರ್ಷವೂ ಇಷ್ಟೇ ಮಿಡಿ ಬೇಕು.

ಆ ವಾರ ಅಂಗಡಿಗೆ ಬಂದ ಸುಬ್ಬಯ್ಯ ಎಂಬ ಹಳೆಯ ಗಿರಾಕಿ ಎಂದಿನಂತೆ ‘ಜಮಾಲಣ್ಣ, ನಿಮ್ಮನೆ ಉಪ್ಪಿನಕಾಯಿ ಒಂದು ಕೊಡಿ’ ಎಂದರು. ಜಮಾಲ್ ಬಾಟಲಿ ತೆಗೆದು, ಚೀಟಿ ಅವರ ಕಡೆಗೆ ಕಾಣುವಂತೆ ತಿರುಗಿಸಿಟ್ಟ.

“ನಂದಲ್ಲ ಸುಬ್ಬಯ್ಯನೋರೇ, ಜಹೀದಾಂದು. ಓದಿ ನೋಡಿ, ಬರೆದಿದೆ.”

ಅಕ್ಕಂದಿರೇ, ಅಣ್ಣಂದಿರೇ, ಈ ಕಥೆ ಓದಿ ಮುಗಿಸಿದ ಮೇಲೆ ನೀವು ಮಾಡಿದ ಹಪ್ಪಳದ ಪೊಟ್ಟಣವನ್ನೋ ಜೇನಿನ ಬಾಟಲಿಯನ್ನೋ ಒಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡಿ. ದೂರದ ಊರಿನವರು ನಿಮ್ಮನ್ನು ಹುಡುಕಬೇಕಾದರೆ ಅದರಲ್ಲಿ ದಾರಿ ಇದೆಯೇ? ಇಲ್ಲವಾದರೆ ಇಂದೇ ನಿಮ್ಮ ಸಂಘದಲ್ಲಿ ವಿಚಾರಿಸಿ. ಚಿಕ್ಕ ವ್ಯಾಪಾರಕ್ಕೆ ಆಹಾರ ನೋಂದಣಿ ಕಷ್ಟದ ಕೆಲಸವಲ್ಲ. ಹೊರರಾಜ್ಯಕ್ಕೆ ಕಳಿಸುವ ಮುಂಚೆ ಜಿಎಸ್‌ಟಿಯ ನಿಯಮ ಬೇರೆ ಇದೆ, ಅದನ್ನೂ ಕೇಳಿ ತಿಳಿದುಕೊಳ್ಳಿ. ಕೊಳ್ಳುವವರೂ ಅಷ್ಟೇ, ಮಾಡಿದವರ ಹೆಸರು, ಊರು ಕಾಣದ ವಸ್ತುವಿಗೆ ಆರ್ಡರ್ ಒತ್ತಬೇಡಿ. ಮೋಸವಾದರೆ ಡಬ್ಬಿಗೆ ಬೈಯುತ್ತಾ ಕೂರಬೇಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೊಸರು ಹಾಕುವ ಕೈ ನಮ್ಮದು, ಹೆಸರು ಹಾಕಲು ನಾಚುವಂಥದ್ದು ಏನೂ ಇಲ್ಲ. ತೂಕ ಸರಿಯಾಗಿ ತೂಗಿ, ಮೇಲೊಂದು ಮಿಡಿ ಹಾಕಿ, ನಿಮ್ಮ ಹೆಸರನ್ನು ದೊಡ್ಡದಾಗಿ ಬರೆಯಿರಿ.