ಅಂಗಳಕ್ಕೆ ಸಾಲದ ಕೊಳವೆ

ನಮ್ಮಪ್ಪ ಅಪ್ಪಯ್ಯನವರ ಹಠ ಕಕ್ಕಬೆ ಊರಿಗೆಲ್ಲ ಗೊತ್ತಿತ್ತು. ಸಗಣಿ ಸಾರಿಸಿದ ನಮ್ಮ ಅಂಗಳಕ್ಕೆ ಚಪ್ಪಲಿ ಮೆಟ್ಟಿ ಬಂದರೆ ನೆಂಟರೆಂದೂ ನೋಡದೆ ಬೈಯುತ್ತಿದ್ದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಬೊಳ್ಳಪ್ಪ ಈ ಯಮುನಳನ್ನು, ಅಂದರೆ ನನ್ನನ್ನು, ಮದುವೆಗೆ ಕೇಳಿಕೊಂಡು ಬಂದ. ವಿರಾಜಪೇಟೆಯಲ್ಲಿ ತಗಡು ಸುತ್ತಿ ನೀರಿನ ಕೊಳವೆ ಮಾಡುವವನು. ನನಗಂತೂ ಅವನೆಂದರೆ ಜೀವ.

"ಗುಡ್ಡದ ಒರತೆ ನೀರು ಕಾವೇರಿ ಸಂಕ್ರಮಣದೊಳಗೆ ನನ್ನ ಅಂಗಳಕ್ಕೆ ಬರೊಕು. ಬಾರದಿದ್ದರೆ ಯಮುನ ನಿಂಗೆ ಇಲ್ಲೆ," ಎಂದರು ಅಪ್ಪ.

ಬೊಳ್ಳಪ್ಪ ದಾರಿ ಅಳೆದು ಕೊಳವೆಗಳ ಉದ್ದ ಗೊತ್ತುಮಾಡಿದ. ಒಂದರ ತುದಿ ಇನ್ನೊಂದರ ಬಾಯೊಳಗೆ ನಾಲ್ಕು ಬೆರಳು ಹೋಗಬೇಕು. ಅದನ್ನೂ ಸೇರಿಸಿಯೇ ತಗಡಿನ ಲೆಕ್ಕ ಹಿಡಿದಿದ್ದ. ಆದರೆ ಅಷ್ಟುದ್ದದ್ದು ನಮ್ಮ ಓಣಿಯ ತಿರುವಿನಲ್ಲಿ ಹಾಯಬೇಕಲ್ಲ. ನೋಡೋಣವೆಂದು ಅದೇ ಅಳತೆಯ ಬಿದಿರು ಹೊತ್ತೆವು, ಮುಂದೆ ಅವನು, ಹಿಂದೆ ನಾನು. ತಿರುವಿನಲ್ಲಿ ಬಿದಿರು ಸಿಕ್ಕಿಕೊಂಡಿತು. ನಾನು ನೂಕಿದ ರಭಸಕ್ಕೆ ಅವನು ಕುಕ್ಕರಿಸಿದ. ನಗು ತಡೆಯಲಾಗದೆ ನಾನೂ ಕೂತೆ.

"ಅರ್ಧಕ್ಕೆ ಕಡಿದುಬಿಡಿ," ಎಂದೆ.

"ನೀ ಹೇಳಿರೆ ಕಾಲುಭಾಗವೂ ಮಾಡ್ನೆ," ಎಂದ.

ಒಂದೊಂದು ಕೊಳವೆ ಎರಡಾಯಿತು. ತುಂಡು ಹೆಚ್ಚಿದರೆ ಜೋಡಣೆ ಹೆಚ್ಚು, ಪ್ರತಿ ಜೋಡಣೆಯೂ ನಾಲ್ಕು ಬೆರಳು ನುಂಗುತ್ತದೆ ಎಂಬುದು ಆ ಅಮಲಿನಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಸಂಕ್ರಮಣದ ಬೆಳಿಗ್ಗೆ ನೀರು ಭರ್ರೆಂದು ಬಂತು. ಬಂದು ಅಂಗಳದಿಂದ ಮೂರು ಮಾರು ಆಚೆ ಹುಲ್ಲಿಗೆ ಸುರಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ವಿರಾಜಪೇಟೆಗೆ ಹೋಗಿ ತಗಡು ತರುವಷ್ಟು ಹೊತ್ತಿಲ್ಲ. ಅಪ್ಪ ತೋಟದಿಂದ ಬರುವ ಸಮಯ. ಬೊಳ್ಳಪ್ಪ ತಲೆಮೇಲೆ ಕೈಹೊತ್ತು ಕೂತ. ನನಗೆ ಅಳುವೂ ಬಂತು, ಸಿಟ್ಟೂ ಬಂತು.

"ಅವ್ವಾ, ಅಂಗಳ ಎಲ್ಲಿವರೆಗೆ?" ಎಂದು ಕೇಳಿದೆ.

"ಸಗಣಿ ಸಾರಿಸಿದಲ್ಲಿವರೆಗೆ. ಇದೆಂತ ಕೇಳ್ದು?" ಎಂದಳು ಅವ್ವ ಪೂವಮ್ಮ. ಅಂದವಳು ಒಂದು ಕ್ಷಣ ನನ್ನ ಮುಖ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಗೆ ಓಡಿದಳು.

ಬೊಳ್ಳಪ್ಪ ಹುಲ್ಲು ಕೆತ್ತಿದ. ಅವ್ವ ಸಗಣಿ ತಂದಳು. ಕೊಳವೆಯ ನೀರಲ್ಲೇ ಕಲಸಿ ನಾನು ಸಾರಿಸಿದೆ. ನಗುತ್ತ, ಜಾರುತ್ತ, ಮೊಣಕೈವರೆಗೆ ಸಗಣಿ ಮಾಡಿಕೊಂಡು ಅಂಗಳವನ್ನು ಕೊಳವೆಯ ಬಾಯಿ ದಾಟಿಸಿದೆವು. ಕೊನೆಗೆ ಅಲ್ಲೊಂದು ರಂಗೋಲಿಯನ್ನೂ ಎಳೆದೆ.

ಅಪ್ಪ ಬಂದರು. "ಇಲ್ಲಿ ಹುಲ್ಲು ಇತ್ತಲ್ಲ?" ಎಂದರು. ಅವರು ಗೊಣಗುತ್ತಲೇ ಹೊಸ ಅಂಚಿನವರೆಗೆ ನಡೆದು ಬಂದು, ಅಲ್ಲಿ ನಿಂತು, ಎಂದಿನಂತೆ ಚಪ್ಪಲಿ ಕಳಚಿದರು. ಒಳಗೆ ಹೆಜ್ಜೆಯಿಟ್ಟು, ಕೊಳವೆಯಡಿ ಕಾಲು ತೊಳೆದರು.

ಆಮೇಲೆ ತಮ್ಮ ಬರಿಗಾಲು ನೋಡಿಕೊಂಡರು, ಹೊಸ ಅಂಚಿನಲ್ಲಿ ತಾವೇ ಕಳಚಿಟ್ಟ ಚಪ್ಪಲಿ ನೋಡಿದರು, ಸಗಣಿ ಮೆತ್ತಿದ ನನ್ನ ಕೈ ನೋಡಿದರು.

"ಒಳ್ಳೇದಾತ್," ಎಂದರು. "ಮದುವೆ ಚಪ್ಪರಕ್ಕೆ ಜಾಗ ಸಾಲದು ಅಂತ ಯೋಚನೆಯಲ್ಲಿದ್ದೆ."