ದಿನಕ್ಕೆ ಮೂರು ಗುಳಿಗೆ

ಬೀಸುವ ಕಲ್ಲಿಗೆ ಎರಡನೆಯ ಹಿಡಿ ಜೋಳ ಹಾಕಿದ್ದೆನಷ್ಟೆ, ಮಗಳು ಲಗಮವ್ವ ಕಂಬ ಹಿಡಿದು ಕುಸಿದು ಕುಳಿತಳು. ಬಾಯಿಂದ ಜೊಲ್ಲು ಸುರಿದು ಉಟ್ಟ ಪರಕಾರದ ಮುಂಭಾಗ ತೊಯ್ದಿತ್ತು.

"ಯವ್ವಾ, ಹೊಟ್ಟಿ ಹಿಂಡಾಕತ್ತೈತಿ."

ತೋಳಿನ ಮಾಂಸ ತಾನೇ ತಾನಾಗಿ ಮಿಡುಕುತ್ತಿತ್ತು. ಮಿರಜಿನ ದೊಡ್ಡ ದವಾಖಾನೆಯಿಂದ ಹೊಸ ಗುಳಿಗೆ ತಂದು ಅಂದಿಗೆ ಮೂರನೆಯ ದಿನ. ಹಿಂದಿನ ಎರಡು ದಿನವೂ ಹೊಟ್ಟೆ ನೋವೆಂದಿದ್ದಳು, ಇಷ್ಟಿರಲಿಲ್ಲ. ಹಿಟ್ಟು ಅಲ್ಲಿಯೇ ಬಿಟ್ಟು ಅವಳನ್ನು ಎತ್ತಿಕೊಂಡು ಓಡಿದೆ. ಮಮದಾಪುರದಿಂದ ಗೋಕಾಕ ಸಂತೆಗೆ ಹೊರಟಿದ್ದ ಒಂದು ಚಕ್ಕಡಿ ಸಿಕ್ಕಿತು.

ಲಗಮವ್ವನಿಗೆ ಒಂಬತ್ತು ವರ್ಷ. ಮುಂಜಾನೆ ಎಲ್ಲ ಮಕ್ಕಳ ಹಾಗೆಯೇ ಇರುತ್ತಾಳೆ, ಕೊಡ ಹೊರುತ್ತಾಳೆ, ಕುಣಿಯುತ್ತಾಳೆ. ಹೊತ್ತು ಏರಿದಂತೆ ರೆಪ್ಪೆ ಜೋಲುತ್ತವೆ. ಸಂಜೆಗೆ ಮಾತು ಮೂಗಿನಲ್ಲಿ ಇಳಿದು ಕೊನೆಗೆ ಬರೀ ಗೊಣಗು. ಕುಡಿಸಿದ ಹಾಲು ಮೂಗಿನಿಂದ ಹೊರಗೆ ಬರುತ್ತದೆ. "ಮುಂಜಾನಿ ಹುಲಿ, ಸಂಜೀಕ ಇಲಿ. ಕೆಲಸಗಳ್ಳಿ ನಿನ್ನ ಮಗಳು," ಎಂದು ಅತ್ತೆ ಮುದಕವ್ವ ಅಂದಿದ್ದಳು. ನಾನೂ ಒಂದು ಸಲ ಹೊಡೆದಿದ್ದೇನೆ. ಅದನ್ನು ಹೇಳದೆ ಬಿಡಬಾರದು.

ಇದು ಲಕ್ಷದಲ್ಲಿ ಕೆಲವರಿಗೆ ಬರುವ ರೋಗ, ತಾನೇ ಎರಡನೆಯ ಸಲ ನೋಡುತ್ತಿರುವುದು ಎಂದು ಮಿರಜಿನ ಡಾಕ್ಟರು ಹೇಳಿದರು. ಒಂದು ಸೂಜಿ ಚುಚ್ಚಿ, ಕಾಯಿರಿ ಎಂದರು. ಸ್ವಲ್ಪ ಹೊತ್ತಿಗೆ ಅವಳ ರೆಪ್ಪೆ ಎರಡೂ ಮೇಲೆದ್ದವು. ಹೊತ್ತೇರಿದ ಮೇಲೆ ನನ್ನ ಮಗಳ ಕಣ್ಣು ಅಷ್ಟು ದೊಡ್ಡದಾಗಿ ತೆರೆದದ್ದು ನನಗೆ ನೆನಪೇ ಇರಲಿಲ್ಲ. ಈ ಔಷಧ ಈಚೆಗೆ ಗುಳಿಗೆಯಾಗಿಯೂ ಸಿಗುತ್ತದೆ ಎಂದು ಕೊಟ್ಟರು. ದಿನಕ್ಕೆ ಮೂರು.

ಮನೆಯಲ್ಲಿ ನಾವಿಬ್ಬರೇ. ಯಜಮಾನರು ರಾಯಪ್ಪನವರು, ಅತ್ತೆ, ಮೈದುನರು ಎಲ್ಲ ಕುರಿ ಹೊಡೆದುಕೊಂಡು ಹುಕ್ಕೇರಿ ಸೀಮೆಗೆ ಹೋಗಿದ್ದರು. ಮೊದಲು ನಾನೂ ಹೋಗುತ್ತಿದ್ದೆ. ಕುದುರೆಯ ಮೇಲೆ ಗಂಟು, ಗಂಟಿನ ಮೇಲೆ ಇವಳು. ಎರಡು ವರ್ಷದಿಂದ ಇವಳಿಗಾಗಿ ಊರಲ್ಲೇ ನಿಂತಿದ್ದೆ. ಹಟ್ಟಿ ಖಾಲಿ. ಕುರಿ ಒದರುವ ಸದ್ದಿಲ್ಲದೆ ನನಗೆ ನಿದ್ದೆಯೂ ಸರಿಯಾಗಿ ಬರುವುದಿಲ್ಲ. ನಾವು ಮಿರಜಿಗೆ ಹೋಗುವ ಮೊದಲು ಹತ್ತರಗಿಯ ಕಡೆಯಿಂದ ಬಂದವರೊಬ್ಬರ ಕೈಯಲ್ಲಿ ಯಜಮಾನರು ಹೇಳಿಕಳಿಸಿದ್ದರು: ಮಿರಜಿನ ಮದ್ದೂ ನಾಟದಿದ್ದರೆ ನಿಲ್ಲಿಸು, ದೇವರ ಮೇಲೆ ಹಾಕು.

ಸಂಜೆ ಅವಳು "ಯವ್ವಾ, ನಾ..." ಎಂದು ಏನೋ ಕೇಳಲು ಬರುತ್ತಿದ್ದಳು. ಮುಂದಿನದು ತಿಳಿಯುತ್ತಿರಲಿಲ್ಲ. "ನಾಳೆ ಮುಂಜಾನಿ ಕೇಳವಾ," ಎನ್ನುತ್ತಿದ್ದೆ. ಮುಂಜಾನೆ ಬಾಯಿ ಬಂದಾಗ ಕೇಳುತ್ತಿರಲಿಲ್ಲ, ಆಡಲು ಓಡುತ್ತಿದ್ದಳು. ಅಪ್ಪ ಯಾವಾಗ ಬರುತ್ತಾನೆ ಎಂದು ಕೇಳುವುದಿರಬೇಕು ಎಂದುಕೊಂಡಿದ್ದೆ.

ಗೋಕಾಕದ ದವಾಖಾನೆಯಲ್ಲಿ ಡಾಕ್ಟರು ಮಿರಜಿನ ಚೀಟಿ ಓದಿ, ಅವಳಿಗೊಂದು ಸೂಜಿ ಮಾಡಿ ಕಟ್ಟಿಗೆಯ ಬಾಕಿನ ಮೇಲೆ ಮಲಗಿಸಿದರು.

"ಗುಳಿಗಿ ಹೆಂಗ ಕೊಟ್ಟಿ?"

"ದಿನಕ್ಕ ಮೂರ್ರಿ, ಅವರು ಹೇಳಿದಂಗ."

"ಯಾವ್ಯಾವ ಹೊತ್ತಿಗೆ?"

"ನಸುಕಿನ್ಯಾಗ್ರಿ. ಬಾಯಿಗೆ ಏನೂ ಹಾಕೂ ಮೊದಲ, ಮೂರೂ ಒಮ್ಮಿಗೆ."

ಕಂಪೌಂಡರ ಸಾತಪ್ಪ ಶೀಸೆ ತೊಳೆಯುತ್ತಿದ್ದವನು ತಿರುಗಿ ನಕ್ಕ. "ಅಲ್ಲ ತಂಗೆವ್ವಾ, ಕುರಿಗೆ ಗೊಟ್ಟ ಹಾಕಿದಂಗ ಹಾಕೀಯೇನ?"

ಬಿದಿರಿನ ಗೊಟ್ಟದಿಂದ ಕುರಿಯ ಗಂಟಲಿಗೆ ಮದ್ದು ಸುರಿಯುವ ಹಾಗೆಯೇ ಹಾಕಿದ್ದೆ. ನಮ್ಮಲ್ಲಿ ಮದ್ದೆಂದರೆ ಹಿಂಡು ಹಟ್ಟಿ ಬಿಡುವ ಮೊದಲು, ಮೇವು ಮುಟ್ಟುವ ಮೊದಲು. ಅಡವಿಗೆ ಚದುರಿದ ಕುರಿಯನ್ನು ಮಧ್ಯಾಹ್ನ ಯಾರು ಹಿಡಿದು ಕುಡಿಸುತ್ತಾರೆ? ದಿನದ್ದೆಲ್ಲ ಒಮ್ಮೆಗೇ. ಮದ್ದಿಗೆ ಬೇರೆ ಹೊತ್ತೂ ಇರುತ್ತದೆಂಬುದು ನನಗೆ ಹೊಳೆದೇ ಇರಲಿಲ್ಲ.

ಡಾಕ್ಟರು ನಗಲಿಲ್ಲ. "ಒಂದು ಗುಳಿಗಿ ಶಕ್ತಿ ಮೂರು ನಾಕು ತಾಸು ಅಷ್ಟ. ಸಂಜೀಕ ಬೇಕಾದದ್ದನ್ನ ಮುಂಜಾನಿ ಸುರುವೀದಿ. ಮೂರೂ ಕೂಡಿದ್ರ ಅದ ವಿಷ ಆಗ್ತೈತಿ. ಇವತ್ತು ಏನೂ ಬ್ಯಾಡ. ನಾಳಿಂದ ಊಟಕ್ಕ ಅರ್ಧಾ ತಾಸು ಮೊದಲ ಒಂದೊಂದು."

"ನಮ್ಮ ಮನ್ಯಾಗ ಗಡಿಯಾರ ಇಲ್ರಿ."

"ಒಲಿ ಹೊತ್ತಿಸೂ ಮುಂದ ಗುಳಿಗಿ, ರೊಟ್ಟಿ ಎಲ್ಲಾ ಬಡದ ಮ್ಯಾಲ ಊಟ," ಎಂದ ಸಾತಪ್ಪ. "ರೊಟ್ಟಿ ಲಗೂ ಬಡೀಬ್ಯಾಡ ಮತ್ತ."

"ಪೂರ್ತಿ ಆರಾಮ ಆಗ್ತಾಳೇನ್ರಿ ಸಾಹೇಬ್ರ?"

ಡಾಕ್ಟರು ಮಿರಜಿನ ಚೀಟಿ ಮಡಚಿ ನನ್ನ ಕೈಗೆ ಕೊಟ್ಟರು. "ರೋಗ ಹೋಗೂದಿಲ್ಲವ್ವ. ಗುಳಿಗಿ ತಗೊಂಡ್ರ ಉಣ್ತಾಳ, ಮಾತಾಡ್ತಾಳ. ಉಸಿರಿಗೆ ಬಂತಂದ್ರ ಮಾತ್ರ ನಮ್ಮ ಕೈಯಾಗೂ ಇರೂದಿಲ್ಲ."

ಲಗಮವ್ವ ಬಾಕಿನ ಮೇಲೆ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿದೆ ಎಂದುಕೊಂಡೆ.

ಮರುದಿನ ಸಂಜೆ ಒಲೆ ಹೊತ್ತಿಸುವ ಮೊದಲು ಗುಳಿಗೆ ಕೊಟ್ಟೆ. ಆರು ರೊಟ್ಟಿ ಬಡಿದೆ, ನಿಧಾನವಾಗಿ. ಇಬ್ಬರಿಗೆ ಆರು ಹೆಚ್ಚು, ಆದರೂ ಬಡಿದೆ. ತಿರುಗಿ ನೋಡಿದರೆ ಅವಳು ತಲೆ ಎತ್ತಿ ಕುಳಿತಿದ್ದಳು, ರೆಪ್ಪೆ ಮೇಲಿದ್ದವು. ಹಾಲಿನಲ್ಲಿ ಮುರಿದು ಹಾಕಿದ ರೊಟ್ಟಿಯನ್ನು ಮೂಗಿಗೆ ಏರದಂತೆ ನುಂಗಿದಳು. ಇನ್ನೊಂದು ತುತ್ತು, ಮತ್ತೊಂದು. ಅವಳು ಸಂಜೆ ಪೂರ್ತಿ ಒಂದು ರೊಟ್ಟಿ ಉಂಡು ಎಷ್ಟು ತಿಂಗಳಾಗಿದ್ದವೋ. ನನ್ನ ಮುಖ ಕಾಣದಿರಲೆಂದು ಒಲೆಯ ಕಡೆ ತಿರುಗಿ ಕಟ್ಟಿಗೆ ಸರಿಸಿದೆ.

"ಯವ್ವಾ."

ಮೂಗಿನ ದನಿಯಲ್ಲ. ಮುಂಜಾನೆಯ ದನಿ.

"ಹೇಳವಾ. ಅಪ್ಪ ಯಾವಾಗ ಬರ್ತಾನಂತ ಹೌದಿಲ್ಲ? ಇನ್ನ ಒಂದು ತಿಂಗಳು..."

"ಅದಲ್ಲಬೇ," ಎಂದಳು. ಗಂಗಾಳ ಬದಿಗಿಟ್ಟು ಒಂದೊಂದೇ ಮಾತನ್ನು ತಪ್ಪದಂತೆ ಹೇಳಿದಳು.

"ನಾ ಸತ್ತರ ನೀ ಮತ್ತ ಅಪ್ಪನ ಜೋಡಿ ಕುರಿ ಹಿಂದ ಹೋಗ್ತೀಯೇನು?"