ನೀರು ಬೇಡವೆಂದ ಡಾಕ್ಟರು

ಡಾ. ಪುರುಷೋತ್ತಮ ಖೇರ್ಡೆ ಕರುಣೆಯಿಲ್ಲದ ಮನುಷ್ಯ. ವರೂಡದ ಸುತ್ತಿನ ಕಿತ್ತಳೆ ತೋಟದವರು ಇದನ್ನು ದೂರೆಂದು ಹೇಳುವುದಿಲ್ಲ. ವೈಶಾಖದಲ್ಲಿ ಬಿಸಿಲು ಎನ್ನುವಷ್ಟು ಸಹಜವಾಗಿ ಹೇಳುತ್ತಾರೆ. ವಿದ್ಯಾಪೀಠದ ತೋಟಗಾರಿಕೆ ವಿಭಾಗದಲ್ಲಿ ಮೂವತ್ತು ವರ್ಷ ಸವೆಸಿದ ಇವರು ಯಾರ ತೋಟಕ್ಕೆ ಬಂದರೂ ನಮಸ್ಕಾರಕ್ಕೆ ಮೊದಲು ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಬೇಸಿಗೆಯಲ್ಲೂ ಕಳಚದ ಕಂದು ಕೋಟಿನ ಜೇಬಿನಿಂದ ಅಂಚು ಸವೆದ ಅಡುಗೆಮನೆಯ ಚಮಚವೊಂದನ್ನು ತೆಗೆದು ಬುಡದ ಮಣ್ಣು ಕೆದಕಿ, ಕಸಿಯ ಗಂಟು ಮೇಲಿದೆಯೋ ಹೂತುಹೋಗಿದೆಯೋ ನೋಡುತ್ತಾರೆ. ಹೂತಿದ್ದರೆ, ಯಜಮಾನನ ಮುಖವನ್ನೂ ನೋಡದೆ, "ಜೀವಂತ ಸಮಾಧಿ ಮಾಡೀರಿ" ಎನ್ನುತ್ತಾರೆ.

ಸಸಿ ಮಾರುವವರಿಗಂತೂ ಅವರ ಸ್ಕೂಟರಿನ ಸದ್ದೇ ಸಾಕು. ಒಮ್ಮೆ ಸಂತೆಯಲ್ಲಿ, ಕಸಿಯನ್ನು ಮಣ್ಣು ತಾಗಿ ಕೊಳೆಯುವಷ್ಟು ಕೆಳಗೆ ಕಟ್ಟಿದ ಸಸಿಗಳ ರಾಶಿಯ ಮುಂದೆ ಸಂಜೆಯವರೆಗೆ ನಿಂತು, ಕೊಳ್ಳಬಂದವರನ್ನೆಲ್ಲ ಹಿಂದಕ್ಕೆ ಕಳಿಸಿದರು.

"ಸಾಹೇಬ್ರ, ಹೊಟ್ಟೀ ಮ್ಯಾಲ ಹೊಡೀಬ್ಯಾಡ್ರಿ" ಎಂದು ಮಾರುವವನು ಕೈಮುಗಿದ.

"ನಿಂದು ಒಂದು ಹೊಟ್ಟಿ. ಇವನ್ನ ನೆಟ್ಟವರವು ಎಷ್ಟು?"

ತೋಟದವರು ಸುಲಿದು ಕೊಟ್ಟ ಹಣ್ಣಿನ ಒಂದು ತೊಳೆಯನ್ನೂ ಅವರು ಬಾಯಿಗಿಟ್ಟವರಲ್ಲ. ತಿಂದ ಬಾಯಿ ರೋಗದ ಹೆಸರು ಹೇಳುವುದಿಲ್ಲವಂತೆ.

ಈ ಸೀಮೆಯಲ್ಲಿ ಮಾವು ಹೂಬಿಡುವ ಹೊತ್ತಿಗೆ ಕಿತ್ತಳೆಯೂ ಹೂಬಿಡಬೇಕಾದರೆ ಚಳಿಗಾಲದಲ್ಲಿ ಗಿಡಕ್ಕೆ ನೀರು ನಿಲ್ಲಿಸಬೇಕು. ಎಲೆ ಮುದುಡಿ, ಕೆಲವು ಉದುರಿ, ಗಿಡಕ್ಕೆ ಸಾವಿನ ಭಯ ಹುಟ್ಟಿದ ಮೇಲೆ ನೀರು ಕೊಟ್ಟರೆ ಮೈತುಂಬ ಹೂವು. ಅವಸರಪಟ್ಟರೆ ಬರೀ ಚಿಗುರು, ತಡಮಾಡಿದರೆ ಸೌದೆ. ಹೋದ ವರ್ಷ ಇಂದೂಬಾಯಿ ಕಾಳಮೇಘ ಎಂಬ ವಿಧವೆ, ಬಾಡಿದ ಎಲೆಗಳನ್ನು ನೋಡಲಾರದೆ, ಖೇರ್ಡೆಯವರು ಹೇಳುವ ಮೊದಲೇ ಮೋಟರು ಹಾಕಿದ್ದಳು. ತೋಟ ಹಸಿರಾಯಿತು, ಹಣ್ಣು ಬರಲಿಲ್ಲ. ಈ ಸಲವೂ ಹಾಗಾದರೆ ಗಿಡಗಳನ್ನು ಕಿತ್ತು ಹತ್ತಿ ಬಿತ್ತುವುದೆಂದು ಮಗ ಕಡ್ಡಿ ಮುರಿದಂತೆ ಹೇಳಿದ್ದ.

ಈಗ ಎಲೆಗಳು ಮತ್ತೆ ದೋಣಿಯಂತೆ ಮಡಚಿಕೊಂಡಿದ್ದವು. ಪಕ್ಕದ ತೋಟದ ಶೇಷರಾವ ಬದುವಿನ ಮೇಲೆ ನಿಂತು ಕೂಗಿದ:

"ಏನ್ರೀ ವೈನಿ, ಈ ವರ್ಷ ಕಿತ್ತಳಿ ಸಂಡಿಗಿ ಹಾಕ್ತೀರೇನು?"

"ಮೊದಲು ನಿನ್ನ ನಾಲಿಗಿ ಒಣಗಲಿ!"

ಅಂದೇ ಮಧ್ಯಾಹ್ನ ಖೇರ್ಡೆಯವರು ಬಂದರು. ಚಮಚದಿಂದ ಮಣ್ಣು ತೋಡಿ, ಅಂಗೈಯಲ್ಲಿ ಹಿಸುಕಿ, ಮೂಗಿಗೆ ಹಿಡಿದರು.

"ಇನ್ನೊಂದು ವಾರ."

"ವಾರ! ಸಾಹೇಬ್ರ, ಆ ಮೂಲ್ಯಾಗಿಂದು ನೋಡ್ರಿ. ಅದರಾಗ ಜೀವಾನೇ ಇಲ್ಲ."

"ಅದರ ಕೆಳಗ ಕಲ್ಲದ, ಎಲ್ಲಾಕ್ಕಿಂತ ಮೊದಲು ಬಾಡ್ತದ. ಆದ್ರ ಸಾಯೂದಿಲ್ಲ."

"ಅದೊಂದಕ್ಕರ ಒಂದು ಕೊಡ ಹಾಕ್ಲೇನು?"

"ಬ್ಯಾಡ. ಇವತ್ತು ಒಂದು ಕೊಡ ಹಾಕಿದ ಕೈ ನಾಳೆ ಮೋಟರು ಹಾಕ್ತದ. ಹೋದ ವರ್ಷ ನೋಡೀನಲ್ಲ."

"ನಿಮಗ ಮನಸು ಅನ್ನೂದು ಅದನೋ ಇಲ್ಲೋ?"

"ಗಿಡ ಅದನ್ನ ಕೇಳೂದಿಲ್ಲ, ವೈನಿ."

ಚಮಚ ಒರೆಸಿ ಜೇಬಿಗೆ ಹಾಕಿಕೊಂಡು ಹೊರಟೇಬಿಟ್ಟರು.

ತಮ್ಮ ವಿದ್ಯೆಯನ್ನು ಪರರ ಹೊಲದಲ್ಲಿ ಪಣಕ್ಕಿಡುವವರ ಜಾತಿಯೇ ಬೇರೆ. ಅವರ ಮಾತು ಹುಸಿಯಾದರೆ ಹಾಳಾಗುವುದು ಇನ್ನೊಬ್ಬರ ಬದುಕು. ಅವರಿಗೆ ಸಂಬಳ ಬರುತ್ತಲೇ ಇರುತ್ತದೆ. ಇದನ್ನು ಅರಿತವರು ಮರುಕವನ್ನು ಹೊರಗೆ ಬಿಡುವುದಿಲ್ಲ, ಬಿಟ್ಟರೆ ಕೇಳುವವರ ಕೈ ಸಡಿಲವಾಗುತ್ತದೆ. ಜನ ಅದಕ್ಕೆ ಕಲ್ಲುಮನಸ್ಸು ಎಂದು ಹೆಸರಿಡುತ್ತಾರೆ. ಅವರೂ ತಿದ್ದಲು ಹೋಗುವುದಿಲ್ಲ.

ಇಂದೂಬಾಯಿ ನೇರವಾಗಿ ಮೋಟರಿನ ಕೋಣೆಗೆ ನಡೆದಳು. ಹೋಗಲಿ, ಮಗನಿಗೆ ಹೇಗಾದರೂ ಹೇಳಿಕೊಂಡರಾಯಿತು, ಹಣ್ಣು ಬರದಿದ್ದರೂ ಗಿಡವಾದರೂ ಉಳಿಯಲಿ. ಸ್ವಿಚ್ಚಿನ ಮೇಲೆ ಕೈಯಿಟ್ಟಾಗ ಕಿಟಕಿಯಾಚೆ ಕಂದು ಕೋಟು ಕಾಣಿಸಿತು.

ಖೇರ್ಡೆಯವರು ಸ್ಕೂಟರಿನತ್ತ ಹೋದವರು ಮೂಲೆಯ ಗಿಡದ ಬಳಿ ನಿಂತಿದ್ದರು. ಸುತ್ತ ನೋಡಿದರು. ಚೀಲದಿಂದ ತಾವು ಕುಡಿಯಲು ತಂದ ನೀರಿನ ಬಾಟಲಿ ತೆಗೆದು, ಕುಕ್ಕರಿಸಿ ಕೂತು, ಅಷ್ಟನ್ನೂ ನಿಧಾನವಾಗಿ ಬುಡಕ್ಕೆ ಸುರಿದರು. ಅಷ್ಟರಿಂದ ಆ ಗಿಡದ ಒಂದು ಬೇರೂ ತಣಿಯದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ವಿದ್ಯಾಪೀಠದಲ್ಲೇ ಇರಲಿಲ್ಲ. ಆಮೇಲೆ ಚಮಚದಿಂದ ಒಣಮಣ್ಣು ಎಳೆದು ಒದ್ದೆಯನ್ನು ಮುಚ್ಚಿದರು.

ಇಂದೂಬಾಯಿ ಸ್ವಿಚ್ಚಿನಿಂದ ಕೈ ತೆಗೆದಳು. ಹೊರಗೆ ಬಂದು, ಕೋಣೆಗೆ ಬೀಗ ಹಾಕಿದಳು.